ಬಿಡುಗಡೆಯಿಂದ ಸೇವೆಗೆ: ನಡುವಿನ ವರ್ಷಗಳು

ಯೌವನಸ್ಥರ ಶಿಬಿರ, ಕೋಡಿ. ವಾಕ್ಯಭಾಗ: ಮಾರ್ಕ 5:1-20

ರಾತ್ರಿ ಬಸ್ಸಲ್ಲಿ ಬೆಂಗಳೂರಿನಿಂದ ಬಂದವರಿಗೆ ಇನ್ನೂ ನಿದ್ದೆ ಬಿಟ್ಟಿಲ್ಲ ಅಂತ ಕಾಣುತ್ತೆ. ಆದರೂ ಸತ್ಯವೇದ ತೆಗೆಯಿರಿ. ಮೊಬೈಲಲ್ಲಿ ಓದುವವರು ಓದಬಹುದು, ನೋಟಿಫಿಕೇಶನ್ ಮಾತ್ರ ಆಫ್ ಮಾಡಿ.

ಹೋದ ತಿಂಗಳು ನಮ್ಮ ಸಭೆಯ ಒಬ್ಬ ತಂಗಿ ನನಗೆ ಒಂದು ಮೆಸೇಜ್ ಹಾಕಿದಳು. "ಪಾಸ್ಟರ್, ನಮ್ಮಣ್ಣ ಕುಡಿತ ಬಿಟ್ಟು ರಕ್ಷಣೆ ಹೊಂದಿ ಎರಡು ತಿಂಗಳಾಯ್ತು. ಈಗ ಕೆಲಸ ಬಿಟ್ಟು ಫುಲ್ ಟೈಮ್ ಸೇವೆಗೆ ಹೋಗ್ತೀನಿ ಅಂತಿದ್ದಾನೆ. ಎಲ್ಲರೂ ಅವನಿಗೆ ಪ್ರೈಸ್ ದ ಲಾರ್ಡ್ ಹೇಳ್ತಿದ್ದಾರೆ. ಅತ್ತಿಗೆ ಮಾತ್ರ ಏನೂ ಮಾತಾಡ್ತಿಲ್ಲ. ನಾವು ಏನ್ ಹೇಳ್ಬೇಕು?" ಅವಳ ಅನುಮತಿ ಪಡೆದೇ ಇದನ್ನು ಇಲ್ಲಿ ಹೇಳುತ್ತಿದ್ದೇನೆ. ಇವತ್ತಿನ ಪಾಠ ಪೂರ್ತಿ ಆ ಪ್ರಶ್ನೆಗೇ ಉತ್ತರ. ನನಗೆ ಆ ಮೆಸೇಜಲ್ಲಿ ಮುಖ್ಯ ಅನಿಸಿದ್ದು ಅಣ್ಣನ ಉತ್ಸಾಹ ಅಲ್ಲ, ಅತ್ತಿಗೆಯ ಮೌನ.

ಮೊದಲು ವಾಕ್ಯಕ್ಕೆ ಬರೋಣ. ಗೆರಸೇನರ ಸೀಮೆಯ ಆ ಮನುಷ್ಯ ಸಮಾಧಿಗಳ ನಡುವೆ ಇದ್ದವನು, ಸರಪಣಿ ಕಿತ್ತವನು, ಕಲ್ಲಿನಿಂದ ತನ್ನನ್ನೇ ಗಾಯ ಮಾಡಿಕೊಂಡವನು. ಕುಡುಕ ಅಂತ ವಾಕ್ಯ ಹೇಳಲ್ಲ. ಆದರೆ ಕುಡಿತದ ಮನೆಯಲ್ಲಿ ಬೆಳೆದವರಿಗೆ ಇವನ ಗುರುತು ಹತ್ತುತ್ತೆ. ಯೇಸು ಅವನನ್ನು ಬಿಡಿಸಿದನು. ಊರವರು ಬಂದು ನೋಡಿದಾಗ ಅವನು ಬಟ್ಟೆ ಹಾಕಿಕೊಂಡು, ಸ್ವಸ್ಥ ಬುದ್ಧಿಯಿಂದ ಕೂತಿದ್ದ. ಇಲ್ಲಿವರೆಗೆ ನಾವೆಲ್ಲ ಎಷ್ಟೋ ಸಲ ಕೇಳಿದ್ದೇವೆ. 18ನೇ ವಚನ ನೋಡಿ. ಯೇಸು ದೋಣಿ ಹತ್ತುವಾಗ ಈ ಮನುಷ್ಯ, ನಾನೂ ನಿನ್ನ ಜೊತೆ ಬರುತ್ತೇನೆ ಅಂತ ಬೇಡಿಕೊಂಡ. ನಮ್ಮ ಭಾಷೆಯಲ್ಲಿ ಹೇಳಬೇಕಾದರೆ ಫುಲ್ ಟೈಮ್ ಸೇವೆಗೆ ಅರ್ಜಿ ಹಾಕಿದ. ಯೇಸು ಒಪ್ಪಲಿಲ್ಲ! ನಿನ್ನ ಮನೆಗೆ ಹೋಗು, ನಿನ್ನವರಿಗೆ ಹೇಳು ಅಂದನು.

ಅದೇ ಅಧ್ಯಾಯದಲ್ಲಿ ದೆವ್ವಗಳು ಬೇಡಿಕೊಂಡದ್ದನ್ನು ಯೇಸು ಕೊಟ್ಟನು. ಊರವರು, ನಮ್ಮ ಸೀಮೆ ಬಿಟ್ಟು ಹೋಗು ಅಂದದ್ದಕ್ಕೂ ಒಪ್ಪಿದನು. ಬಿಡುಗಡೆಯಾದವನ ಬೇಡಿಕೆಗೆ ಮಾತ್ರ ಇಲ್ಲ ಅಂದನು. ಯಾಕೆ? ಅವನ ಮನೆಯವರು ಅವನನ್ನು ಸರಪಣಿಯಲ್ಲೇ ನೋಡಿದ್ದರು. ಅವನು ಸ್ವಸ್ಥನಾಗಿ ಬೆಳಗ್ಗೆ ಏಳುವುದನ್ನು, ಊಟಕ್ಕೆ ಕೂರುವುದನ್ನು ಅವರು ನೋಡಬೇಕಿತ್ತು. ಒಂದು ದಿನ ಅಲ್ಲ, ದಿನಾ. ಅವನ ಸೇವಾಕ್ಷೇತ್ರ ಅಲ್ಲಿಂದ ಶುರು. ಆಮೇಲೆ ದೆಕಪೊಲಿಯಲ್ಲೆಲ್ಲ ಅವನ ಮಾತು ಹಬ್ಬಿತು, ಅದು 20ನೇ ವಚನ. ಹಾಗಾಗಿ ಬಿಡುಗಡೆಯಾದವನು ಬಾಯಿ ಮುಚ್ಚಿಕೊಂಡಿರಬೇಕು ಅಂತ ಯೇಸು ಹೇಳಲಿಲ್ಲ. ಸಾಕ್ಷಿ ಹೇಳುವುದು ಮೊದಲ ದಿನವೇ ಶುರುವಾಗುತ್ತೆ. ಸಭೆಯ ಹೊಣೆ ಹೊರುವುದು ಬೇರೆ ವಿಷಯ. ಈ ಎರಡನ್ನು ನಾವು ಕಲಸಿಬಿಟ್ಟಿದ್ದೇವೆ.

ಈ ಪಾಠವನ್ನು ಕೋಡಿಯಲ್ಲೇ ಇಟ್ಟುಕೊಳ್ಳೋಣ ಅಂತ ಕೇಳಿದ್ದು ನಾನೇ. ನಾನು ಹುಟ್ಟಿ ಬೆಳೆದದ್ದು ಇಲ್ಲಿ. ಸಂಜೆ ಸೀ ವಾಕ್ ಮೇಲೆ ಕೊನೆವರೆಗೂ ನಡೆದು ಹೋಗಿ. ಈ ಕಡೆ ಕೋಡಿ, ಆ ಕಡೆ ಗಂಗೊಳ್ಳಿ, ನಡುವೆ ಐದು ಹೊಳೆಗಳು ಸೇರಿ ಸಮುದ್ರಕ್ಕೆ ಬೀಳುವ ಜಾಗ. ನಾವು ಅದನ್ನು ಅಳಿವೆ ಅಂತೇವೆ. ನಿಮಗೆ ಫೋಟೋ ತೆಗೆಯಲಿಕ್ಕೆ ಚಂದ. ದೋಣಿಯವರನ್ನು ಕೇಳಿದರೆ ಬೇರೆ ಮಾತು ಹೇಳ್ತಾರೆ. "ಹ್ವಾಯ್, ಸಮುದ್ರದಲ್ಲಿ ಹೆದ್ರಿಕೆ ಇಲ್ಲೆ, ಅಳಿವೆ ದಾಟೂದೇ ಕಷ್ಟ" ಅಂತಾರೆ. ಹೂಳು ತುಂಬಿದ ಕಡೆ ಅಲೆ ಎದ್ದು, ಮೀನು ತುಂಬಿಕೊಂಡು ವಾಪಸು ಬಂದ ದೋಣಿಗಳು ದಡ ಕಾಣುವಷ್ಟು ಹತ್ತಿರದಲ್ಲಿ ಮಗುಚಿದ್ದುಂಟು. ಕುಡಿತದಿಂದ ಹೊರಬಂದವನ ಮೊದಲ ವರ್ಷಗಳು ಅಳಿವೆಯಂಥವು. ಕಡಲು ದಾಟಿದ್ದಾನೆ, ನಿಜ. ಬಂದರು ಇನ್ನೂ ಮುಟ್ಟಿಲ್ಲ.

ನಮ್ಮ ಕರಾವಳಿಗೆ ಈ ಪ್ರಶ್ನೆ ಹೊಸದಲ್ಲ. 1834ರಲ್ಲಿ ಬಾಸೆಲ್ ಮಿಷನ್‌ನ ಮೊದಲ ಮೂವರು ಮಿಷನರಿಗಳು ಮಂಗಳೂರಿಗೆ ಬಂದರು. ಅವರ ಸಭೆಗಳಿಗೆ ಸೇರಿದವರಲ್ಲಿ ಮೂರ್ತೆ ಕೆಲಸದವರು, ಅಂದರೆ ಮರ ಹತ್ತಿ ಶೇಂದಿ ಇಳಿಸುವವರು, ಬಹಳ ಮಂದಿ ಇದ್ದರು. ಆ ಕೆಲಸ ಬಿಡಿ ಅಂತ ಸಭೆ ಹೇಳಿತು. ಹೇಳುವುದು ಸುಲಭ. ಬಿಟ್ಟವನ ಮನೆಯಲ್ಲಿ ರಾತ್ರಿ ಒಲೆ ಹೇಗೆ ಉರಿಯಬೇಕು? ಅದಕ್ಕೇ ಮಿಷನ್ ನೇಯ್ಗೆ ಶಾಲೆ ಮಾಡಿತು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದರು. ಮುಂದೆ ಮಲ್ಪೆಯಲ್ಲೂ ಆಯಿತು. ನಮ್ಮ ಊರುಗಳ ಹಳೆ ಮನೆಗಳ ಮೇಲಿನ ಮಂಗಳೂರು ಹಂಚಿನ ಹಿಂದೆ ಈ ಕಥೆಯೂ ಇದೆ. ಅವರ ಎಲ್ಲ ರೀತಿಗಳನ್ನೂ ನಾನು ಮೆಚ್ಚುವವನಲ್ಲ, ಶಿಸ್ತು ಬಹಳ ಬಿಗಿ ಇತ್ತು. ಆದರೆ ಈ ಒಂದು ವಿಷಯ ಅವರಿಗೆ ಗೊತ್ತಿತ್ತು: ಶೇಂದಿ ಬಿಟ್ಟವನಿಗೆ ಮೊದಲು ಬೇಕಾದದ್ದು ಪುಲ್ಪಿಟ್ ಅಲ್ಲ, ಮರುದಿನ ಬೆಳಗ್ಗೆ ಹೋಗಲಿಕ್ಕೆ ಒಂದು ಕೆಲಸ.

ಕುಡುಕನಾಗಿದ್ದು ಸೇವಕನಾದವರ ವಿಷಯಕ್ಕೆ ಬಂದರೆ, ಇಬ್ಬರ ಜೀವನ ನಾನು ಚೆನ್ನಾಗಿ ಓದಿಕೊಂಡಿದ್ದೇನೆ. ಇಬ್ಬರೂ ಅಮೆರಿಕದವರು. ನಮ್ಮ ಊರಿನವರ ಹೆಸರು ಹೇಳಿ ಅವರ ಮನೆ ಕಥೆಯನ್ನು ಇಂಟರ್‌ನೆಟ್ಟಿಗೆ ಹಾಕಲಿಕ್ಕೆ ನನಗೆ ಮನಸ್ಸಿಲ್ಲ. ಈ ಇಬ್ಬರು ತಮ್ಮ ಕಥೆಯನ್ನು ತಾವೇ ಬರೆದು ಹೋದವರು.

ಮೊದಲನೆಯವನು ಜೆರ್ರಿ ಮೆಕಾಲೆ. 1839ರಲ್ಲಿ ಐರ್ಲೆಂಡಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ನ್ಯೂಯಾರ್ಕಿಗೆ ಬಂದ. ಕುಡಿತ, ನದಿಯಲ್ಲಿ ನಿಂತ ಹಡಗುಗಳಿಂದ ಕಳ್ಳತನ. 19ರ ಹರೆಯದಲ್ಲಿ ಸಿಂಗ್ ಸಿಂಗ್ ಜೈಲಿಗೆ ಬಿದ್ದ. ಒಂದು ಭಾನುವಾರ ಜೈಲಿನ ಚಾಪೆಲಿನಲ್ಲಿ ಆರ್ವಿಲ್ ಗಾರ್ಡ್ನರ್ ಅನ್ನುವವನು ಸಾಕ್ಷಿ ಹೇಳಿದ. ಗಾರ್ಡ್ನರ್ ಒಂದು ಕಾಲದಲ್ಲಿ ಬೀದಿಯಲ್ಲಿ ಹೊಡೆದಾಡುತ್ತಿದ್ದವನು, ಮೆಕಾಲೆಗೆ ಮೊದಲೇ ಗೊತ್ತಿದ್ದವನು. ಆ ಮಾತು ಕೇಳಿ ಮೆಕಾಲೆ ತನ್ನ ಸೆಲ್ಲಿನಲ್ಲಿದ್ದ ಸತ್ಯವೇದ ತೆಗೆದ. ಓದುತ್ತಾ ಓದುತ್ತಾ ಅಲ್ಲೇ ಮೊಣಕಾಲೂರಿದ. ಮಾನಸಾಂತರ ನಿಜವೇ ಆಗಿತ್ತು.

1864ರಲ್ಲಿ ಅವನಿಗೆ ಕ್ಷಮಾದಾನ ಸಿಕ್ಕಿತು. ಹೊರಗೆ ಬಂದಾಗ ಒಬ್ಬ ವಿಶ್ವಾಸಿಯೂ ಅವನ ಜೊತೆ ಇರಲಿಲ್ಲ. ಹಳೆ ಪರಿಚಯದವರು ಒಂದು ಪಾನೀಯ ಕೊಟ್ಟರು. ಅದು ಲಾಗರ್ ಬಿಯರ್. ಅವನು ಜೈಲಲ್ಲಿದ್ದಾಗ ನ್ಯೂಯಾರ್ಕಿನಲ್ಲಿ ಬಳಕೆಗೆ ಬಂದದ್ದು, ಅವನಿಗೆ ಅದೇನು ಅಂತಲೇ ಗೊತ್ತಿಲ್ಲ. ಇದರಲ್ಲಿ ಏನೂ ದೋಷ ಇಲ್ಲ, ಕುಡಿ ಅಂದರು. ಕುಡಿದ. ಅಲ್ಲಿಂದ ಮತ್ತೆ ಹಳೆ ಹಾದಿ, ಮತ್ತೆ ನದಿಯ ಕಳ್ಳತನ. ಪ್ರಿಯರೇ, ಜೈಲಿನ ಕೋಣೆಯಲ್ಲಿ ಪವಿತ್ರಾತ್ಮನು ಮಾಡಿದ ಕೆಲಸ ಸುಳ್ಳಾಗಿತ್ತಾ? ಇಲ್ಲ. ಗೇಟಿನ ಹೊರಗೆ ಸಭೆ ಇರಲಿಲ್ಲ, ಅಷ್ಟೇ.

ಆಮೇಲೆ ಒಬ್ಬ ಮಿಷನರಿ ಅವನ ಬೆನ್ನು ಬಿಡಲಿಲ್ಲ. ಮೆಕಾಲೆ ಎದ್ದ, ಬಿದ್ದ, ಎದ್ದ, ಬಿದ್ದ. ಒಂದು ಸಲ ಅಲ್ಲ, ಹಲವು ಸಲ. ಕೊನೆಗೆ ನಿಂತ. 1872ರ ಅಕ್ಟೋಬರಿನಲ್ಲಿ, ತಾನೂ ಒಂದು ಕಾಲದಲ್ಲಿ ಕುಡಿಯುತ್ತಿದ್ದ ಹೆಂಡತಿ ಮರಿಯಾಳ ಜೊತೆ, ವಾಟರ್ ಸ್ಟ್ರೀಟಿನ 316ನೇ ನಂಬರಿನ ಮನೆಯಲ್ಲಿ ಬಾಗಿಲು ತೆರೆದ. ಕುಡುಕರಿಗೆ, ಬೀದಿಯವರಿಗೆ ಊಟ, ಮಲಗಲು ಜಾಗ, ರಾತ್ರಿ ಪ್ರಾರ್ಥನೆ, ಸಾಕ್ಷಿ. ಅಮೆರಿಕದ ಮೊದಲ ರೆಸ್ಕ್ಯೂ ಮಿಷನ್ ಅಂತ ಅದನ್ನು ಕರೆಯುತ್ತಾರೆ. ಜೈಲಿನಿಂದ ಹೊರಬಂದ ವರ್ಷ 1864, ಬಾಗಿಲು ತೆರೆದ ವರ್ಷ 1872. ಎಂಟು ವರ್ಷ. 1884ರಲ್ಲಿ ಕ್ಷಯದಿಂದ ತೀರಿಕೊಂಡ. ಆ ಹೊತ್ತಿಗೆ ಅವನ ಮಿಷನ್ನಿಗೆ ಕುಡಿದೇ ಬಂದು ರಕ್ಷಣೆ ಹೊಂದಿದ ಸ್ಯಾಮುವೆಲ್ ಹ್ಯಾಡ್ಲಿ ಅನ್ನುವವನು ತಯಾರಾಗುತ್ತಿದ್ದ. ಮುಂದೆ ವಾಟರ್ ಸ್ಟ್ರೀಟನ್ನು ನಡೆಸಿದ್ದು ಅವನೇ.

ಎರಡನೆಯವನು ಮೆಲ್ ಟ್ರಾಟರ್, 1870ರಲ್ಲಿ ಇಲಿನಾಯ್ ರಾಜ್ಯದಲ್ಲಿ ಹುಟ್ಟಿದವನು. ಕ್ಷೌರದ ಕೆಲಸ. ಅಪ್ಪನೂ ಕುಡಿಯುತ್ತಿದ್ದ, ಹೆಂಡದ ಅಂಗಡಿಯಲ್ಲಿ ಕೆಲಸ ಮಾಡುತ್ತಿದ್ದ. ಮದುವೆಯಾಯಿತು, ಒಂದು ಗಂಡು ಮಗು ಆಯಿತು. ದಿನಗಟ್ಟಲೆ ಮನೆ ಬಿಟ್ಟು ಕುಡಿಯುತ್ತಿದ್ದವನು ಒಂದು ಸಲ ವಾಪಸು ಬಂದಾಗ ಮಗು ಹೆಂಡತಿಯ ತೋಳಲ್ಲಿ ಸತ್ತಿತ್ತು. ಮಗುವಿನ ಪೆಟ್ಟಿಗೆಯ ಪಕ್ಕ ನಿಂತು, ಹೆಂಡತಿಯನ್ನು ಹಿಡಿದುಕೊಂಡು, ಇನ್ನು ಜೀವಮಾನದಲ್ಲಿ ಒಂದು ತೊಟ್ಟು ಮುಟ್ಟುವುದಿಲ್ಲ ಅಂತ ಆಣೆ ಮಾಡಿದ. ಮಣ್ಣು ಮಾಡಿ ಕೆಲವೇ ಗಂಟೆಗಳಲ್ಲಿ ತೂರಾಡುತ್ತಾ ಮನೆಗೆ ಬಂದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಆಣೆ ಮಾಡುವಾಗ ಅವನು ಸುಳ್ಳು ಹೇಳುತ್ತಿರಲಿಲ್ಲ. ನಿಮ್ಮ ಅಪ್ಪನೋ ಅಣ್ಣನೋ ನಿಮ್ಮ ತಲೆ ಮುಟ್ಟಿ ಆಣೆ ಮಾಡಿ ಸಂಜೆಗೆ ಕುಡಿದು ಬಂದರೆ, ನನ್ನ ಮೇಲೆ ಪ್ರೀತಿಯೇ ಇಲ್ಲ ಅಂತ ನಿಮಗೆ ಅನಿಸುತ್ತೆ. ಪ್ರೀತಿ ಇದ್ದೂ ಶಕ್ತಿ ಇಲ್ಲದ ಸ್ಥಿತಿ ಅದು. ದಾಸತ್ವ ಅಂದರೆ ಅದೇ ಅಲ್ಲವಾ? ರೋಮಾಪುರ 7ರಲ್ಲಿ ಪೌಲನು ನರಳುವುದೂ ಇಂಥದ್ದಕ್ಕೇ.

1897ರ ಜನವರಿ 19. ಚಿಕಾಗೋದ ಚಳಿ. ಮಿಷಿಗನ್ ಸರೋವರದಲ್ಲಿ ಮುಳುಗಿ ಸಾಯಬೇಕು ಅಂತ ಹೊರಟಿದ್ದ ಟ್ರಾಟರ್ ಪೆಸಿಫಿಕ್ ಗಾರ್ಡನ್ ಮಿಷನ್ನಿನ ಮುಂದೆ ಬಂದ. ಬಾಗಿಲಲ್ಲಿ ನಿಂತಿದ್ದವನು ಅವನನ್ನು ಒಳಗೆ ಎಳೆದುಕೊಂಡ. ಈ ಹೆಸರಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ಕಟ್ಟಡ ಮೊದಲು ಪೆಸಿಫಿಕ್ ಬಿಯರ್ ಗಾರ್ಡನ್ ಅನ್ನುವ ಕುಡಿಯುವ ಜಾಗವಾಗಿತ್ತು. ಮಿಷನ್ ಅಲ್ಲಿಗೆ ಬಂದಾಗ, ಬಿಯರ್ ಅನ್ನುವ ಪದ ಮಾತ್ರ ತೆಗೆದುಬಿಡಿ ಅಂತ ಡಿ.ಎಲ್. ಮೂಡಿ ಸಲಹೆ ಕೊಟ್ಟರಂತೆ. ಒಳಗೆ ಮಾತಾಡುತ್ತಿದ್ದವನು ಹ್ಯಾರಿ ಮನ್ರೋ. ಅವನೂ ಒಂದು ಕಾಲದ ಕುಡುಕ. ಆ ರಾತ್ರಿ ಟ್ರಾಟರ್ ಕೈ ಎತ್ತಿದ, ಮುಂದೆ ಬಂದ, ಯೇಸುವನ್ನು ಅಂಗೀಕರಿಸಿದ.

ಬಹಳ ಸಭೆಗಳಲ್ಲಿ ಕಥೆ ಇಲ್ಲಿಗೆ ಮುಗಿಯುತ್ತೆ. ಕೀಬೋರ್ಡ್ ಶುರುವಾಗುತ್ತೆ, ಎಲ್ಲರೂ ಹಲ್ಲೆಲೂಯಾ. ಅಥವಾ ನೇರ ಕೊನೆಗೆ ಹಾರುತ್ತೇವೆ: ಟ್ರಾಟರ್ 60ಕ್ಕೂ ಹೆಚ್ಚು ರೆಸ್ಕ್ಯೂ ಮಿಷನ್‌ಗಳು ಹುಟ್ಟಲು ಕಾರಣನಾದ. ಅದೂ ನಿಜ. ಆದರೆ 1897ರಿಂದ 1900ರವರೆಗೆ ಅವನು ಏನು ಮಾಡುತ್ತಿದ್ದ? ಹಗಲಲ್ಲಿ ತಲೆಗೂದಲು ಕತ್ತರಿಸುತ್ತಿದ್ದ, ಗಡ್ಡ ಹೆರೆಯುತ್ತಿದ್ದ. ರಾತ್ರಿ ಮಿಷನ್ನಿಗೆ ಬಂದು ಮನ್ರೋಗೆ ಸಹಾಯ ಮಾಡುತ್ತಿದ್ದ. ಹಾಡುವುದು, ಸಾಕ್ಷಿ ಹೇಳುವುದು, ಕುಡಿದು ಬಂದವರ ಪಕ್ಕ ಕೂರುವುದು. ಮೂರು ವರ್ಷ! 1900ರಲ್ಲಿ ಗ್ರ್ಯಾಂಡ್ ರ‍್ಯಾಪಿಡ್ಸ್ ಊರಿನವರು ಹೊಸ ಮಿಷನ್ನಿಗೆ ಮೇಲ್ವಿಚಾರಕ ಬೇಕು ಅಂದಾಗ ಅವನನ್ನು ಕಳಿಸಿದರು. ಪ್ರೆಸ್ಬಿಟೇರಿಯನ್ ಸಭೆ ಅವನಿಗೆ ಅಭಿಷೇಕ ಕೊಟ್ಟದ್ದು 1905ರಲ್ಲಿ. ಆ ಹೊತ್ತಿಗೆ ಮೊದಲ ರಾತ್ರಿಯಿಂದ ಎಂಟು ವರ್ಷ ಆಗಿತ್ತು.

ಪೌಲನೂ ಹಾಗೆಯೇ. ದಮಸ್ಕದ ದಾರಿಯಲ್ಲಿ ಬಿದ್ದವನು ಅಲ್ಲೇ ಸಭಾಮಂದಿರಗಳಲ್ಲಿ ಯೇಸುವನ್ನು ಸಾರಿದನು, ಸರಿ. ಆದರೆ ಗಲಾತ್ಯ 1:17-18 ಓದಿ, ಅರಬಸ್ಥಾನ, ಮತ್ತೆ ದಮಸ್ಕ, ಮೂರು ವರ್ಷ ಆದ ಮೇಲೆ ಯೆರೂಸಲೇಮ್. ಅಲ್ಲೂ ಶಿಷ್ಯರು ಅವನನ್ನು ನಂಬಲಿಲ್ಲ, ಹೆದರಿದರು. ಬಾರ್ನಬನು ಕೈ ಹಿಡಿದು ಕರೆದುಕೊಂಡು ಹೋಗಬೇಕಾಯಿತು. ಆಮೇಲೆ ತಾರ್ಸಕ್ಕೆ ಹೋದ. ಅಲ್ಲಿಂದ ಅಂತಿಯೋಕ್ಯಕ್ಕೆ ಹುಡುಕಿ ತಂದವನೂ ಬಾರ್ನಬನೇ. ಅದೇ ಪೌಲ ತಿಮೊಥೆಯನಿಗೆ ಬರೆಯುವಾಗ ಸಭಾಧ್ಯಕ್ಷನ ಲಕ್ಷಣ ಹೇಳುತ್ತಾನೆ, 1 ತಿಮೊಥೆಯ 3. ಮದ್ಯಾಸಕ್ತನಾಗಿರಬಾರದು ಅನ್ನುವುದು 3ನೇ ವಚನ, ಎಲ್ಲರಿಗೂ ಬಾಯಿಪಾಠ. 6ನೇ ವಚನ ಯಾರೂ ಹೇಳಲ್ಲ: ಹೊಸದಾಗಿ ವಿಶ್ವಾಸಕ್ಕೆ ಬಂದವನಾಗಿರಬಾರದು, ಅಹಂಕಾರದಿಂದ ಬಿದ್ದುಹೋದಾನು ಅನ್ನುವ ಅರ್ಥ. 5:22ರಲ್ಲಿ ಅವಸರದಿಂದ ಯಾರ ಮೇಲೂ ಹಸ್ತವಿಡಬೇಡ ಅಂತಲೂ ಇದೆ.

ಇದು ಬರೀ ಥಿಯರಿ ಅಲ್ಲ. ಒಂದು ಸಭೆಯಲ್ಲಿ, ಊರು ಹೆಸರು ಬೇಡ, ಒಬ್ಬ ಸಹೋದರ ಕುಡಿತ ಬಿಟ್ಟು ಮೂರು ವಾರಕ್ಕೆ ವೇದಿಕೆ ಹತ್ತಿಸಿದರು. ಒಂದೂವರೆ ತಿಂಗಳಿಗೆ ಪೋಸ್ಟರಲ್ಲಿ ಫೋಟೋ. ಮೂರು ತಿಂಗಳಿಗೆ ಬ್ರದರ್ ಹೋಗಿ ಪಾಸ್ಟರ್ ಆಯ್ತು. ಪ್ರತಿ ವಾರ ಬೇರೆ ಬೇರೆ ಊರಿನಲ್ಲಿ ಅದೇ ಸಾಕ್ಷಿ. ಪ್ರತಿ ಸಲ ಹೆಂಡತಿಯನ್ನು ಹೊಡೆದ ಕಥೆ ಸ್ವಲ್ಪ ದೊಡ್ಡದಾಗುತ್ತಿತ್ತು, ಅವಳು ಎದುರಿಗೇ ಕೂತಿರುತ್ತಿದ್ದಳು. ಐದನೇ ತಿಂಗಳು ಅವನು ಒಂದು ರಾತ್ರಿ ಕುಡಿದ. ಮಾಮೂಲಿ ವಿಶ್ವಾಸಿಯಾಗಿದ್ದಿದ್ದರೆ ಮರುದಿನ ಯಾರಿಗಾದರೂ ಫೋನ್ ಮಾಡಿ ಅಳಬಹುದಿತ್ತು. ಪೋಸ್ಟರಲ್ಲಿ ಇರುವವನು ಯಾರಿಗೆ ಹೇಳುತ್ತಾನೆ? ಮುಚ್ಚಿಟ್ಟ. ಮುಚ್ಚಿಟ್ಟೇ ಪ್ರಸಂಗ ಮಾಡಿದ. ಕೊನೆಗೆ ಗೊತ್ತಾದಾಗ ಫೋಟೋ ಹಾಕಿದವರೇ ಬಾಗಿಲು ಹಾಕಿದರು. ಈಗ ಅವನು ಯಾವ ಸಭೆಗೂ ಹೋಗುತ್ತಿಲ್ಲ. ನನಗೆ ಇದರಲ್ಲಿ ಅವನ ಮೇಲೆ ಸಿಟ್ಟಿಲ್ಲ. ಅಳಿವೆಯಲ್ಲಿ ಇದ್ದ ದೋಣಿಯ ಮೇಲೆ ಊರಿನ ಮೆರವಣಿಗೆಯನ್ನೇ ಹತ್ತಿಸಿದವರ ಮೇಲೆ ಇದೆ.

ಇನ್ನೊಂದು ವಿಷಯ, ಇದು ಪ್ರಾಣಕ್ಕೆ ಸಂಬಂಧಿಸಿದ್ದು. ವರ್ಷಗಟ್ಟಲೆ ದಿನಾ ಜಾಸ್ತಿ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ಕೈ ನಡುಗುತ್ತೆ, ಬೆವರು, ವಾಂತಿ, ನಿದ್ದೆ ಇಲ್ಲ. ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತೆ. ಎರಡನೇ ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಇಲ್ಲದ ಹುಳ, ಹಾವು, ಜನ ಕಾಣಿಸುತ್ತಾರೆ. ಕೂಗುತ್ತಾರೆ, ಎಲ್ಲಿದ್ದೇನೆ ಅಂತ ಗೊತ್ತಾಗಲ್ಲ. ಡಾಕ್ಟರುಗಳು ಇದಕ್ಕೆ ಡೆಲೀರಿಯಂ ಟ್ರೆಮೆನ್ಸ್ ಅಂತಾರೆ. ಚಿಕಿತ್ಸೆ ಇಲ್ಲದಿದ್ದರೆ ಸಾಯಬಹುದು. ಜ್ಞಾನೋಕ್ತಿ 23:33ರಲ್ಲಿ ಕುಡುಕನ ಕಣ್ಣಿಗೆ ವಿಚಿತ್ರಗಳು ಕಾಣುವ ಮಾತಿದೆ, ನೋಡಿಕೊಳ್ಳಿ. ನಮ್ಮವರು ಏನು ಮಾಡುತ್ತಾರೆ? ದೆವ್ವ ಹೊರಗೆ ಬರ್ತಾ ಇದೆ ಅಂತ ಬಾಗಿಲು ಹಾಕಿ ರಾತ್ರಿಯಿಡೀ ಪ್ರಾರ್ಥನೆಗೆ ಕೂರುತ್ತಾರೆ. ನಾನು ದೆವ್ವ ಬಿಡಿಸುವುದನ್ನು ನಂಬುವ ಪಾಸ್ಟರ್, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ: ಅಂಥವನನ್ನು ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಪ್ರಾರ್ಥನೆ ಆಂಬುಲೆನ್ಸಿನಲ್ಲೂ ಮಾಡಬಹುದು. ಬೆಂಗಳೂರಿನಲ್ಲಿ ನಿಮ್ಹಾನ್ಸ್‌ನಲ್ಲಿ ಇದಕ್ಕೇ ವಿಭಾಗ ಇದೆ. ಎಲ್ಲಿ ಹೋಗಬೇಕು ಅಂತ ಗೊತ್ತಿಲ್ಲದಿದ್ದರೆ 14446, ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ಫ್ರೀ ಕಾಲ್. ಬರೆದುಕೊಳ್ಳಿ.

ಈ ಮಾತೆಲ್ಲ ಬರೀ ಸಾರಾಯಿ ಕುಡಿಯುವ ಬಡವರಿಗೆ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ಕ್ಕೆ. ಪ್ಯಾಕೆಟ್ ಹೋಯ್ತು, ಬಾಟಲಿ ಉಳೀತು. ನೀವು ಕೆಲಸ ಮಾಡುವ ಕಡೆ ಶುಕ್ರವಾರ ಸಂಜೆ ಟೀಮ್ ಪಾರ್ಟಿಯಲ್ಲಿ ಗ್ಲಾಸ್ ಹಿಡಿದವರನ್ನು ಯಾರೂ ಕುಡುಕ ಅನ್ನಲ್ಲ. ಮೆಕಾಲೆಯ ಲಾಗರ್ ನೆನಪಿರಲಿ, ಏನೂ ದೋಷ ಇಲ್ಲ ಅಂತ ಹೇಳಿಯೇ ಅವನಿಗೆ ಕೊಟ್ಟದ್ದು. ಕರ್ತನ ಮೇಜಿನಲ್ಲಿ ನಾವು ದ್ರಾಕ್ಷಾರಸವನ್ನು ಹುಳಿಯಾಗದ ಜ್ಯೂಸಿನ ರೂಪದಲ್ಲಿ ಕೊಡುವುದಕ್ಕೂ ಇಂಥ ಸಹೋದರರ ಕಾಳಜಿ ಒಂದು ಕಾರಣ. 1869ರಲ್ಲಿ ಥಾಮಸ್ ವೆಲ್ಚ್ ಅನ್ನುವ ಮೆಥೋಡಿಸ್ಟ್ ದಂತವೈದ್ಯ ದ್ರಾಕ್ಷಿ ರಸ ಹುದುಗದಂತೆ ಕಾಯಿಸಿ ಇಡುವ ರೀತಿ ಕಂಡುಕೊಂಡದ್ದು ಪ್ರಭುಭೋಜನಕ್ಕಾಗಿಯೇ.

ಹಾಗಾದರೆ ಆ ತಂಗಿಗೆ ನಾನು ಏನು ಬರೆದೆ? ಅಣ್ಣನಿಗೆ ಬೇಡ ಅನ್ನಬೇಡ, ಕರೆ ನಿಜ ಇರಬಹುದು. ಕೆಲಸ ಮಾತ್ರ ಈಗ ಬಿಡುವುದು ಬೇಡ. ಸಂಬಳ ಅತ್ತಿಗೆಯ ಕೈಗೆ ಬರಲಿ, ಕುಡಿತದಲ್ಲಿ ಮಾಡಿದ ಸಾಲ ತೀರಲಿ. ವಾರಕ್ಕೆ ಒಂದು ಸಲ ಸಭೆಯ ಒಬ್ಬ ಹಿರಿಯರ ಜೊತೆ ಕೂತು, ಈ ವಾರ ಎಲ್ಲಿ ಆಸೆ ಬಂತು ಅಂತ ಮುಚ್ಚಿಡದೆ ಹೇಳಲಿ. ಸಭೆಯಲ್ಲಿ ಕುರ್ಚಿ ಜೋಡಿಸಲಿ, ಹೊಸದಾಗಿ ಬಿಟ್ಟವರ ಪಕ್ಕ ಕೂರಲಿ, ಸಾಕ್ಷಿ ಹೇಳಲಿ. ಸಾಕ್ಷಿಯಲ್ಲಿ ಅತ್ತಿಗೆಯ ವಿಷಯ ಎಷ್ಟು ಹೇಳಬೇಕು ಅನ್ನುವುದನ್ನು ಅತ್ತಿಗೆ ತೀರ್ಮಾನಿಸಲಿ. ಬಿದ್ದರೆ ಆ ದಿನವೇ ಫೋನ್ ಮಾಡಲಿ, ಫೋನ್ ಎತ್ತುವವರು ಬೈಯಬಾರದು. ಸೇವೆಯ ಮಾತನ್ನು ಎರಡು ಮೂರು ವರ್ಷ ಆದ ಮೇಲೆ ಮತ್ತೆ ಎತ್ತೋಣ. ಆಗ ನಾನು ಮೊದಲು ಕೇಳುವುದು ಅತ್ತಿಗೆಯನ್ನು. ಅವರು, ಹೌದು ಪಾಸ್ಟರ್, ಇವರನ್ನು ಕಳಿಸಿ ಅಂದರೆ ನಾನೇ ಕೈ ಹಿಡಿದು ಕರೆದುಕೊಂಡು ಹೋಗುತ್ತೇನೆ. ತನ್ನ ಸ್ವಂತ ಮನೆಯನ್ನು ಆಳಲು ತಿಳಿಯದವನ ಬಗ್ಗೆ ಪೌಲ ಕೇಳುವ ಪ್ರಶ್ನೆಯೂ ಅದೇ 3ನೇ ಅಧ್ಯಾಯದಲ್ಲಿದೆ.

ಅಣ್ಣನಿಗೆ ಸ್ವಲ್ಪ ಬೇಜಾರಾಯ್ತಂತೆ. ಆಗಲಿ. ಗೆರಸೇನರ ಆ ಮನುಷ್ಯನಿಗೂ ದೋಣಿ ಹೋಗುವುದನ್ನು ದಡದಲ್ಲಿ ನಿಂತು ನೋಡುವಾಗ ಬೇಜಾರಾಗಿರಬೇಕು.

ಈಗ ಐದೈದು ಜನರ ಗುಂಪು ಮಾಡಿಕೊಂಡು ತೀತ 1:5-9 ಓದಿ, ಮಧ್ಯಾಹ್ನ ಅದರ ಮೇಲೆ ಮಾತಾಡೋಣ. ಕುಡಿತ ನಿಮ್ಮ ಮನೆಯಲ್ಲಿದ್ದರೆ, ಅಥವಾ ನಿಮ್ಮ ಬ್ಯಾಗಿನಲ್ಲೇ ಇದ್ದರೆ, ಗುಂಪಿಗೆ ಹೋಗಬೇಡಿ, ಇಲ್ಲಿ ಬನ್ನಿ. ಊಟದವರೆಗೆ ನಾನೂ ಪಾಸ್ಟರಮ್ಮನೂ ಇಲ್ಲೇ ಇರುತ್ತೇವೆ.